ಆಳ ಧ್ಯಾನಕ್ಕೆ ಕೂರುವವರು ಮಾಡಬೇಕಾದ್ದು, ಮಾಡಬಾರದ್ದು

10 ದಿನ ಮೌನದಲ್ಲಿ ಕೂರಬೇಕೆಂದು ಬರುವವರು ಇದನ್ನು ಮನೆಯಲ್ಲೇ ಓದಿಕೊಂಡು ಬರಬೇಕು. ಪೂರ್ತಿ ಓದಬೇಕು. ಧ್ಯಾನದ ಕೋಣೆಯ ಉಸ್ತುವಾರಿ ನೋಡಿಕೊಳ್ಳಲು ಶುರುಮಾಡಿ ನನಗೆ 20 ವರ್ಷವಾಯಿತು. ಬರುವವರಲ್ಲಿ ಪತಂಜಲಿಯ ದಾರಿ ಹಿಡಿದವರಿದ್ದಾರೆ, ವೇದಾಂತ ಓದಿಕೊಂಡವರಿದ್ದಾರೆ, ಉಸಿರು ನೋಡುತ್ತ ಕೂರುವ ಬೌದ್ಧ ಸಾಧಕರಿದ್ದಾರೆ. ದಾರಿ ಬೇರೆಯಾದರೂ ಎಡವುವ ಜಾಗಗಳು ಹೆಚ್ಚುಕಡಿಮೆ ಅವೇ. ಆ ಜಾಗಗಳನ್ನು ಹಿಂದಿನವರು ಗುರುತು ಹಾಕಿಯೇ ಹೋಗಿದ್ದಾರೆ. ನಾವು ಓದುವುದಿಲ್ಲ, ಅಷ್ಟೆ. ಕೆಳಗೆ ಬರೆದಿರುವ ಯಾವುದೂ ಸಲಹೆಯಲ್ಲ. ಪಾಲಿಸಲು ಆಗದವರು ಈ ಸಲ ಬರುವುದು ಬೇಡ.

ಬರುವ ಮೊದಲು

ಎಂಟನೆಯ ಮೆಟ್ಟಿಲಿಗೆ ನೇರವಾಗಿ ಹಾರಲು ಹೋಗಬೇಡಿ. ಪತಂಜಲಿಯ ಅಷ್ಟಾಂಗ ಯೋಗದಲ್ಲಿ ಸಮಾಧಿ ಎಂಟನೆಯದು. ಬುದ್ಧನ ಅಷ್ಟಾಂಗ ಮಾರ್ಗದಲ್ಲೂ ಸಮ್ಯಕ್ ಸಮಾಧಿ ಎಂಟನೆಯದೇ. ಯೋಗ ಶುರುವಾಗುವುದು ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ಯಮಗಳಿಂದ. ಬೌದ್ಧರ ಪಂಚಶೀಲದಲ್ಲಿ ಕೊಲ್ಲಬಾರದು, ಕದಿಯಬಾರದು, ಕಾಮದಲ್ಲಿ ತಪ್ಪಿ ನಡೆಯಬಾರದು, ಸುಳ್ಳಾಡಬಾರದು ಎಂಬ ನಾಲ್ಕು ಇದರ ಪಕ್ಕದವೇ. ಐದನೆಯದು, ಅಮಲೇರಿಸುವುದನ್ನು ಮುಟ್ಟಬಾರದು. ಇದನ್ನು ಶಾಲೆಯ ನೀತಿಪಾಠ ಅಂದುಕೊಳ್ಳಬೇಡಿ. ಆಸ್ತಿ ತಕರಾರಿನಲ್ಲಿ ತಮ್ಮನ ಮೇಲೆ ಸುಳ್ಳು ಕಾಗದ ಮಾಡಿಸಿ ಬಂದವರಿಗೆ ಕಣ್ಣು ಮುಚ್ಚಿದರೆ ಕಾಣುವುದು ಆ ಕಾಗದವೇ. ಮೂರನೆಯ ದಿನ ಅದು ಬಂದು ಎದೆಯ ಮೇಲೆ ಕೂರುತ್ತದೆ. ಇತ್ಯರ್ಥ ಮಾಡಿಕೊಳ್ಳಬಹುದಾದ್ದನ್ನು ಮಾಡಿಕೊಂಡೇ ಬನ್ನಿ.

ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ತೆಗೆದುಕೊಂಡಿದ್ದರೆ, ಮನೆಯಲ್ಲಿ ಈಚೆಗೆ ಸಾವಾಗಿದ್ದರೆ, ನಿದ್ದೆ ಕೆಟ್ಟಿದ್ದರೆ ಮೊದಲೇ ಹೇಳಿ. ಮುಚ್ಚಿಡಬೇಡಿ. ಧ್ಯಾನ ಮಾಡುತ್ತೇನೆಂದು ಮಾತ್ರೆ ನಿಲ್ಲಿಸಲೇಬೇಡಿ. ನಿಮ್ಮ ವೈದ್ಯರು ಬೇಡವೆಂದರೆ ಅವರ ಮಾತೇ ಕೊನೆ, ನಮ್ಮದಲ್ಲ.

ಧ್ಯಾನದಿಂದ ಕೆಡುಕಾಗುವುದುಂಟೇ ಎಂದು ಕೇಳುವವರು ವೈಶಾಲಿಯಲ್ಲಿ ನಡೆದದ್ದನ್ನು ತಿಳಿದುಕೊಳ್ಳಬೇಕು. ಪಾಲಿ ಗ್ರಂಥಗಳೇ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿವೆ. ದೇಹದ ಅಶುಚಿಯನ್ನು ನೆನೆಯುವ ಅಶುಭ ಧ್ಯಾನವನ್ನು ಕಲಿಸಿ ಬುದ್ಧ 15 ದಿನ ಏಕಾಂತಕ್ಕೆ ಹೋದ. ಮರಳಿ ಬಂದಾಗ ಭಿಕ್ಷುಗಳ ಸಾಲು ತೆಳ್ಳಗಾಗಿತ್ತು. ಸಂಘ ಯಾಕೆ ಸೊರಗಿದೆ ಎಂದು ಶಿಷ್ಯ ಆನಂದನನ್ನು ಕೇಳಿದ. ಮೈಯ ಮೇಲೆ ಹೇಸಿಗೆ ಹುಟ್ಟಿ ಎಷ್ಟೋ ಮಂದಿ ಪ್ರಾಣ ಕಳೆದುಕೊಂಡಿದ್ದರು. ಬೇರೆ ದಾರಿ ಹೇಳಿಕೊಡಿ ಎಂದು ಆನಂದ ಬೇಡಿಕೊಂಡ. ಆಗ ಬುದ್ಧ ಉಳಿದವರನ್ನೆಲ್ಲ ಸೇರಿಸಿ ಕಲಿಸಿದ್ದು ಆನಾಪಾನಸ್ಮೃತಿ, ಉಸಿರನ್ನು ಬಲ್ಲ ಧ್ಯಾನ. ಬುದ್ಧನ ಶಿಷ್ಯರಿಗೇ ಒಂದು ಅಭ್ಯಾಸ ಒಗ್ಗಲಿಲ್ಲ. ನಿಮಗೆ ಒಗ್ಗದಿದ್ದರೆ ನಾಚಿಕೆಪಡುವಂಥದ್ದು ಏನೂ ಇಲ್ಲ. ಬದಲಾಯಿಸಿಕೊಳ್ಳಬೇಕು, ಇಲ್ಲವೇ ನಿಲ್ಲಿಸಬೇಕು. ಈ ಕಾಲದ ಮಾತೂ ಬೇಕೆನ್ನುವವರಿಗೆ: ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಬೌದ್ಧ ಸಾಧಕರು ಭಯ, ನಿದ್ದೆಗೇಡು, ತಾನು ತಾನಲ್ಲವೆಂಬ ಗಾಬರಿಯನ್ನೆಲ್ಲ ವಿವರವಾಗಿ ಹೇಳಿಕೊಂಡಿದ್ದಾರೆ.

ಒಂದು ದಾರಿ ಆರಿಸಿಕೊಂಡು ಬನ್ನಿ. ಬೆಳಿಗ್ಗೆ ಓಂಕಾರ, ಮಧ್ಯಾಹ್ನ ವಿಪಶ್ಯನೆ, ರಾತ್ರಿ ನಾನು ಯಾರೆಂಬ ವಿಚಾರ ಎಂದು ಕಲಸಬೇಡಿ. ಎಲ್ಲ ಒಂದೇ ಎನ್ನುವ ಮಾತು ಕೇಳಲು ಸೊಗಸು, ಆದರೆ ನಿಜವಲ್ಲ. ಚಿತ್ತದ ವೃತ್ತಿಗಳು, ಅಂದರೆ ಅದರ ಅಲೆಗಳು, ನಿಂತಾಗ ನೋಡುವವನು ತನ್ನ ಸ್ವರೂಪದಲ್ಲಿ ನೆಲೆ ನಿಲ್ಲುತ್ತಾನೆಂದು ಯೋಗ ಹೇಳುತ್ತದೆ. ಎಷ್ಟು ಆಳಕ್ಕೆ ಹೋದರೂ ಅಲ್ಲಿ ಸಿಗುವುದು ಕಾರಣಗಳಿಂದ ಹುಟ್ಟಿ ಅಳಿಯುವ ಸ್ಥಿತಿ, ಅದನ್ನು ನಾನು ಎಂದು ಹಿಡಿಯಬೇಡ ಎಂದು ಬೌದ್ಧ ಧರ್ಮ ಹೇಳುತ್ತದೆ. ಈ ಭೇದ ಶತಮಾನಗಟ್ಟಲೆ ದೊಡ್ಡ ದೊಡ್ಡವರು ವಾದ ಮಾಡಿದ ಭೇದ. ನಮ್ಮ ಊಟದ ಸಾಲಿನಲ್ಲಿ ಅದನ್ನು ಬಗೆಹರಿಸಲು ಕೂರಬೇಡಿ.

ಕೂತಾಗ

ಉಪವಾಸ ಮಾಡಬೇಡಿ. ಸಿದ್ಧಾರ್ಥ ಹೊಟ್ಟೆ ಬೆನ್ನಿಗಂಟುವಷ್ಟು ಅನ್ನ ಬಿಟ್ಟ, ಕಿವಿಯಲ್ಲಿ ಗಾಳಿ ಮೊರೆಯುವಷ್ಟು, ತಲೆಗೆ ಚರ್ಮದ ಪಟ್ಟಿ ಬಿಗಿದ ಹಾಗೆ ನೋಯುವಷ್ಟು ಉಸಿರು ಕಟ್ಟಿದ. ಏನೂ ದಕ್ಕಲಿಲ್ಲ. ಆಗ ಅವನಿಗೆ ನೆನಪಾದದ್ದು ಚಿಕ್ಕಂದಿನ ಒಂದು ದಿನ. ತಂದೆ ಕೆಲಸದಲ್ಲಿದ್ದ, ತಾನು ನೇರಳೆ ಮರದ ತಣ್ಣೆಳಲಲ್ಲಿ ಸುಮ್ಮನೆ ಕೂತಿದ್ದ, ಮನಸ್ಸು ತಾನಾಗಿ ಮೊದಲ ಧ್ಯಾನಕ್ಕೆ ಇಳಿದಿತ್ತು. ಆ ಸುಖಕ್ಕೆ ನಾನೇಕೆ ಹೆದರಬೇಕು ಎಂದು ತನ್ನನ್ನೇ ಕೇಳಿಕೊಂಡ. ಇಷ್ಟು ಬಡವಾದ ಮೈಗೆ ಅದು ಒದಗದೆಂದು ತಿಳಿದು ಅನ್ನ ಉಂಡ. ಆಮೇಲೆ ಕೂತ. ಗೀತೆಯ ಆರನೆಯ ಅಧ್ಯಾಯವೂ ಇದನ್ನೇ ಹೇಳುತ್ತದೆ: ಅತಿಯಾಗಿ ಉಣ್ಣುವವನಿಗೂ ಉಣ್ಣದವನಿಗೂ, ಅತಿಯಾಗಿ ಮಲಗುವವನಿಗೂ ಎಚ್ಚರವಿರುವವನಿಗೂ ಯೋಗವಿಲ್ಲ. ನಮ್ಮಲ್ಲಿ ಬೆಳಿಗ್ಗೆ ಗಂಜಿಯೋ ಉಪ್ಪಿಟ್ಟೋ ಇರುತ್ತದೆ, ಮಧ್ಯಾಹ್ನ ಅನ್ನ ಸಾರು ಪಲ್ಯ ಮಜ್ಜಿಗೆ. ತಟ್ಟೆ ಹಿಡಿದು ಬನ್ನಿ, ಉಣ್ಣಿ.

ಉಸಿರು ಬಿಗಿಹಿಡಿಯಬೇಡಿ. ಆಳಕ್ಕೆ ಇಳಿದಂತೆ ಉಸಿರು ತಾನೇ ಸಣ್ಣಗಾಗುತ್ತದೆ, ಒಂದು ಹಂತದಲ್ಲಿ ಇದೆಯೋ ಇಲ್ಲವೋ ಅನ್ನಿಸುತ್ತದೆ. ಅದು ಬೇರೆ, ಮೂಗು ಒತ್ತಿ ಕುಂಭಕ ಕಟ್ಟುವುದು ಬೇರೆ. ಪುಸ್ತಕ ನೋಡಿ, ಫೋನಿನಲ್ಲಿ ವಿಡಿಯೋ ನೋಡಿ ಕಲಿತ ಪ್ರಾಣಾಯಾಮವನ್ನು ಇಲ್ಲಿ ಮಾಡುವಂತಿಲ್ಲ. ಉಸಿರು ಕಾಣದಾಗ ಗಾಬರಿಯಾಗಿ ಬಾಯಿ ತೆರೆದು ಗಾಳಿ ಎಳೆಯುವವರೂ ಇದ್ದಾರೆ. ಬೇಡ. ಎಲ್ಲಿ ಕಾಣದಾಯಿತೋ ಅಲ್ಲೇ, ಮೂಗಿನ ತುದಿಯಲ್ಲಿ, ಕಾಯುತ್ತ ಕೂತಿರಿ.

ತೂಕಡಿಕೆಯನ್ನು ಸಮಾಧಿ ಎನ್ನಬೇಡಿ. ಈ ಒಂದು ತಪ್ಪು ಉಳಿದೆಲ್ಲಕ್ಕಿಂತ ಹೆಚ್ಚು ಜನರ ವರ್ಷಗಳನ್ನು ತಿಂದಿದೆ. ಅದಕ್ಕೇ ಇದನ್ನು ಉದ್ದ ಬರೆಯುತ್ತೇನೆ. ಶಂಕರರ ಗುರುವಿನ ಗುರು ಎಂದು ಪರಂಪರೆ ಕರೆಯುವ ಗೌಡಪಾದರು ಮಾಂಡೂಕ್ಯ ಕಾರಿಕೆಯಲ್ಲಿ ಇದಕ್ಕೆ ಲಯ ಎಂಬ ಹೆಸರಿಟ್ಟು, ಲಯಕ್ಕೆ ಬಿದ್ದ ಮನಸ್ಸನ್ನು ಎಬ್ಬಿಸಬೇಕು ಎಂದಿದ್ದಾರೆ. ಬೌದ್ಧರು ನೀವರಣ ಎಂದು ಕರೆಯುವ ಐದು ಅಡ್ಡಿಗಳಲ್ಲಿ ಮೂರನೆಯದು ಥೀನಮಿದ್ಧ, ಮಂಕು ಮತ್ತು ಜಡತೆ. ಟಿಬೆಟಿಯನ್ನರಲ್ಲಿ ಒಂದು ಚಿತ್ರಪಟವಿದೆ: ಏರುದಾರಿಯಲ್ಲಿ ಆನೆ, ಅದನ್ನೆಳೆದುಕೊಂಡು ಹೋಗುವ ಕೋತಿ, ಪಾಶ ಅಂಕುಶ ಹಿಡಿದು ಹಿಂದೆ ಓಡುವ ಭಿಕ್ಷು. ಕಪ್ಪಾಗಿದ್ದ ಆನೆ ಒಂಬತ್ತು ಹಂತ ಏರುತ್ತ ಏರುತ್ತ ಬೆಳ್ಳಗಾಗುತ್ತದೆ. ಆನೆ ಎಂದರೆ ಚಿತ್ತ, ಕಪ್ಪು ಅದರ ಜಡತೆ, ಕೋತಿ ಅದರ ಅಲೆದಾಟ. ಪಟವನ್ನು ಹತ್ತಿರ ಹೋಗಿ ನೋಡಿದರೆ ಸ್ವಲ್ಪ ಮೇಲಿನ ಹಂತದಲ್ಲಿ ಆನೆಯ ಬೆನ್ನ ಮೇಲೆ ಒಂದು ಪುಟ್ಟ ಮೊಲ ಬಂದು ಕೂತಿರುತ್ತದೆ. ಆ ಮೊಲವೇ ಸೂಕ್ಷ್ಮ ಜಡತೆ. ಅದು ಒದೆಯುವುದಿಲ್ಲ, ಕೂಗುವುದಿಲ್ಲ, ಮೆತ್ತಗೆ ಬೆಚ್ಚಗೆ ಕೂತಿರುತ್ತದೆ. ಸಾಧಕನಿಗೆ ಅದೇ ಶಾಂತಿ ಎನಿಸುತ್ತದೆ.

ಗುರುತು ಹೇಳುತ್ತೇನೆ. ಎದ್ದಾಗ ಗದ್ದ ಎದೆಗೆ ತಾಗಿದ್ದರೆ, ತುಟಿಯ ಅಂಚು ಒದ್ದೆಯಾಗಿದ್ದರೆ, ಒಂದು ಗಂಟೆ ಎಲ್ಲಿ ಹೋಯಿತೋ ಗೊತ್ತಿಲ್ಲದೆ ತಲೆ ಭಾರವಾಗಿದ್ದರೆ ಅದು ಮಂಪರು. ಅಂಥ ಹೊತ್ತಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ಕಣ್ಣು ತೆರೆಯಿರಿ. ಹೋಗದಿದ್ದರೆ ಎದ್ದು ಮುಖ ತೊಳೆದು ಜಗಲಿಯ ಮೇಲೆ ನಾಲ್ಕು ಸುತ್ತು ನಡೆಯಿರಿ. ಹಾಗೆಂದು ವಿರುದ್ಧ ದಿಕ್ಕಿಗೆ ಬಿಗಿಯಲೂ ಬೇಡಿ. ಸೋಣ ಎಂಬ ಭಿಕ್ಷು ಪಾದ ಒಡೆದು ರಕ್ತ ಬರುವವರೆಗೆ ನಡೆದು ಸಾಧನೆ ಮಾಡಿ ಕಂಗೆಟ್ಟಿದ್ದ. ಅವನು ಮನೆಯಲ್ಲಿದ್ದಾಗ ವೀಣೆ ಬಲ್ಲವನು. ಬುದ್ಧ ಅವನಿಗೆ ತಂತಿಯ ಮಾತನ್ನೇ ಕೇಳಿದ: ಅತಿ ಬಿಗಿದರೆ ನುಡಿಯುತ್ತದೆಯೇ, ಅತಿ ಸಡಿಲವಿದ್ದರೆ ನುಡಿಯುತ್ತದೆಯೇ. ಸೋಣನಿಗೆ ಅಷ್ಟು ಸಾಕಾಯಿತು.

ರಾತ್ರಿ ಮಲಗಲೇಬೇಕು. ಹತ್ತಕ್ಕೆ ದೀಪ ಆರಿಸುತ್ತೇವೆ. ಆಮೇಲೆ ಚಾಪೆಯ ಮೇಲೆ ಕೂತಿರುವವರನ್ನು ಎಬ್ಬಿಸುತ್ತೇನೆ, ಬೇಸರಪಡಬೇಡಿ. ಇದಕ್ಕೆ ಕಾರಣವಿದೆ. ಬಹಳ ಹಿಂದೆ ಬೇರೊಂದು ಕಡೆಯ ಶಿಬಿರದಲ್ಲಿ ನಾನೂ ಒಬ್ಬ ಸಾಧಕನಾಗಿ ಕೂತಿದ್ದೆ. ನನ್ನ ಪಕ್ಕದ ಹುಡುಗನಿಗೆ ಇಪ್ಪತ್ತೈದು ಇರಬಹುದು. ನಾಲ್ಕನೆಯ ರಾತ್ರಿಯಿಂದ ಅವನು ಮಲಗಲಿಲ್ಲ. ನಿದ್ದೆಯೇ ಬೇಡವಾಗಿದೆ ಎಂದು ಪಿಸುಗುಟ್ಟಿದ, ಕಣ್ಣು ಹೊಳೆಯುತ್ತಿದ್ದವು. ನಡೆಸಿಕೊಡುತ್ತಿದ್ದವರಿಗೆ ತಿಳಿಸಿದಾಗ ಒಳ್ಳೆಯ ಲಕ್ಷಣ, ಕದಡಬೇಡಿ ಎಂದರು. ನಾನೂ ಸುಮ್ಮನಾದೆ. ಏಳನೆಯ ದಿನ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ಸ್ಟೀಲ್ ಲೋಟ ಹಿಡಿದು ನಿಂತಿದ್ದ. ಕಾಫಿ ಆರಿ ಕೆನೆ ಕಟ್ಟಿತ್ತು. ಈ ಕೈ ಯಾರದ್ದು ಎಂದು ಎಲ್ಲರನ್ನೂ ಕೇಳುತ್ತಿದ್ದ. ಅವನ ಅಣ್ಣ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾದವು. ಐದನೆಯ ದಿನವೇ ಅವನ ಮನೆಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಈ ನೋಟಿಸು ಇಷ್ಟು ಕಟ್ಟುನಿಟ್ಟಾಗಿರುವುದು ಆ ಲೋಟದಿಂದ. ಎರಡು ರಾತ್ರಿ ನಿದ್ದೆ ಬಾರದಿದ್ದರೆ ನಮಗೆ ಹೇಳಬೇಕು. ಪಕ್ಕದವರು ಮಲಗದಿದ್ದರೂ ಹೇಳಬೇಕು. ಅದಕ್ಕೆ ಮೌನ ಮುರಿದರೆ ತಪ್ಪಿಲ್ಲ.

ಬೆಳಕು ಕಂಡರೆ ಹಿಂದೆ ಓಡಬೇಡಿ. 5ನೆಯ ಶತಮಾನದಲ್ಲಿ ಸಿಂಹಳದ ಅನುರಾಧಪುರದಲ್ಲಿ ಕೂತು ವಿಸುದ್ಧಿಮಗ್ಗ ಬರೆದ ಬುದ್ಧಘೋಷ, ಉಸಿರು ನೋಡುವವರಿಗೆ ಏಳುವ ನಿಮಿತ್ತಗಳನ್ನು, ಅಂದರೆ ಮನಸ್ಸಿಗೆ ತೋರುವ ಗುರುತುಗಳನ್ನು, ಪಟ್ಟಿ ಮಾಡಿದ್ದಾನೆ. ಒಬ್ಬನಿಗೆ ನಕ್ಷತ್ರದಂತೆ, ಒಬ್ಬನಿಗೆ ಮುತ್ತಿನಂತೆ, ಒಬ್ಬನಿಗೆ ಹತ್ತಿಯ ಸ್ಪರ್ಶದಂತೆ, ಹೊಗೆಯ ಎಳೆಯಂತೆ, ಜೇಡರ ಬಲೆಯಂತೆ, ಚಂದ್ರನಂತೆ. ಒಂದೇ ಅಭ್ಯಾಸ, ತೋರುವುದು ಬೇರೆಬೇರೆ, ಯಾಕೆಂದರೆ ಅವರವರ ಗ್ರಹಿಕೆ ಬೇರೆ. ಅದೇ ಗ್ರಂಥ ಮುಂದೆ ವಿಪಶ್ಯನೆಗೆ ಅಂಟುವ ಹತ್ತು ದೋಷಗಳನ್ನು ಎಣಿಸುವಾಗ ಮೊದಲು ಹೇಳುವುದು ಬೆಳಕನ್ನೇ. ಬೆಳಕು ಕಂಡವನು ದಾರಿ ಮುಗಿಯಿತೆಂದು ತಿಳಿದು ನಿಂತುಬಿಡುತ್ತಾನೆ. ಮೈ ನವಿರೇಳುವುದು, ಮಿಂಚು ಹೊಡೆದಂತಾಗುವುದು, ಅಲೆಯ ಮೇಲೆ ಅಲೆ ಬಂದಂತಾಗುವುದು, ಮೈ ಹಗುರಾಗಿ ಮೇಲೆದ್ದಂತಾಗುವುದು, ಎಲ್ಲ ಪ್ರೀತಿಯ ಬಗೆಗಳೆಂದೇ ಬುದ್ಧಘೋಷ ಹೆಸರಿಟ್ಟಿದ್ದಾನೆ. ಇಲ್ಲಿ ಪ್ರೀತಿ ಎಂದರೆ ಧ್ಯಾನದಲ್ಲಿ ಉಕ್ಕುವ ಹರ್ಷ. ಬಂದರೆ ಬರಲಿ. ಅಭ್ಯಾಸದ ವಸ್ತುವನ್ನು ಕೈಬಿಡಬೇಡಿ.

ಸುಖವನ್ನು ಸವಿಯುತ್ತ ಕೂರಬೇಡಿ. ಇದು ಕಷ್ಟದ ನಿಯಮ, ಯಾಕೆಂದರೆ ಸುಖ ನಿಜವಾಗಿಯೂ ದೊಡ್ಡದು. ಮೊದಲ ಧ್ಯಾನವನ್ನು ಬುದ್ಧ ಹೋಲಿಸಿದ್ದು ಸ್ನಾನ ಮಾಡಿಸುವವನು ಕಲಸಿದ ಪುಡಿಯ ಉಂಡೆಗೆ: ನಮ್ಮ ಸೀಗೆಪುಡಿ ಕಲಸಿದ ಹಾಗೆ, ನೀರು ಒಳಗೂ ಹೊರಗೂ ಹಿಡಿದಿರುತ್ತದೆ, ಆದರೆ ಒಂದು ಹನಿಯೂ ಸೋರುವುದಿಲ್ಲ. ಎರಡನೆಯದು ತಳದಿಂದಲೇ ಒಸರುವ ಕೊಳ. ಮೂರನೆಯದು ನೀರಿನೊಳಗೇ ಬೆಳೆದು ಮೇಲೇಳದ ತಾವರೆ. ನಾಲ್ಕನೆಯದು ತಲೆಯಿಂದ ಪಾದದವರೆಗೆ ಬಿಳಿ ಬಟ್ಟೆ ಹೊದ್ದು ಕೂತವನು. ಏರಿದಂತೆ ಕೂಡುವುದಿಲ್ಲ, ಕಳೆಯುತ್ತದೆ. ಎರಡನೆಯದರಲ್ಲಿ ವಿತರ್ಕ ವಿಚಾರ ಬಿಡುತ್ತವೆ, ಮೂರನೆಯದರಲ್ಲಿ ಪ್ರೀತಿ, ನಾಲ್ಕನೆಯದರಲ್ಲಿ ಸುಖವೂ ಬಿಟ್ಟು ಉಪೇಕ್ಷೆ ಎಂಬ ಸಮಭಾವ, ಏಕಾಗ್ರತೆ ಉಳಿಯುತ್ತವೆ. ಪತಂಜಲಿಯ ಸಂಪ್ರಜ್ಞಾತ ಸಮಾಧಿಯೂ ವಿತರ್ಕ, ವಿಚಾರ, ಆನಂದ, ಅಸ್ಮಿತೆ ಎಂದು ಒಂದೊಂದೇ ದಾಟುತ್ತದೆ. ಆನಂದ ಅಲ್ಲಿ ಮೂರನೆಯ ನಿಲ್ದಾಣ, ಊರಲ್ಲ. ಗೌಡಪಾದರು ಆ ಸುಖವನ್ನು ಆಸ್ವಾದಿಸಬಾರದು ಎಂದರು. ಸದಾನಂದರ ವೇದಾಂತಸಾರ ಅದಕ್ಕೆ ರಸಾಸ್ವಾದ ಎಂದು ಹೆಸರಿಟ್ಟು ಲಯ, ಅಲೆದಾಟವಾದ ವಿಕ್ಷೇಪ, ಒಳಗಂಟಿದ ರಾಗವಾದ ಕಷಾಯಗಳ ಸಾಲಿನಲ್ಲಿ ವಿಘ್ನವೆಂದೇ ಎಣಿಸಿತು.

ಕಾಲು ಮರಗಟ್ಟಿದರೆ ಮೆಲ್ಲಗೆ ಬದಲಾಯಿಸಿ. ಕುರ್ಚಿ ಬೇಕಾದವರಿಗೆ ಕುರ್ಚಿ ಇದೆ.

ಬಾಗಿಲು ಹಾಕಿಕೊಂಡು ಒಬ್ಬರೇ ಕೂರಬೇಡಿ. 1896ರಲ್ಲಿ ತಿರುವಣ್ಣಾಮಲೈಗೆ ಬಂದ ಹದಿನಾರರ ಹುಡುಗ, ಮುಂದೆ ರಮಣ ಮಹರ್ಷಿಗಳಾದವರು, ಅರುಣಾಚಲೇಶ್ವರ ದೇವಸ್ಥಾನದ ಪಾತಾಳಲಿಂಗದ ನೆಲಮಾಳಿಗೆಯಲ್ಲಿ ಮೈಮರೆತು ಕೂತಾಗ ಹುಳುಗಳು ತೊಡೆ ಕೊರೆದು ಗಾಯವಾಗಿತ್ತು. ಜನ ಎತ್ತಿ ಹೊರಗೆ ತಂದರು. ದಕ್ಷಿಣೇಶ್ವರದಲ್ಲಿ ಶ್ರೀರಾಮಕೃಷ್ಣರು ತಿಂಗಳುಗಟ್ಟಲೆ ಹಾಗೆಯೇ ಮೈಮರೆತಿದ್ದಾಗ ಬಾಯಿಗೆ ಅನ್ನವಿಟ್ಟು ಬದುಕಿಸಿದವರು ಬೇರೆಯವರೇ. ಮಹಾತ್ಮರ ಮೈಯನ್ನೂ ಯಾರೋ ಕಾಯಬೇಕಾಯಿತು.

ಜೀವಂತ ಸಮಾಧಿಯ ಮಾತೆತ್ತಿದವರನ್ನು ಆ ಕ್ಷಣವೇ ಮನೆಗೆ ಕಳಿಸುತ್ತೇನೆ. ಕನ್ನಡದಲ್ಲಿ ಗೋರಿಗೂ ಸಮಾಧಿ ಎನ್ನುತ್ತೇವೆ, ಚಿತ್ತ ನಿಂತದ್ದಕ್ಕೂ ಸಮಾಧಿ ಎನ್ನುತ್ತೇವೆ. ಈ ಒಂದು ಶಬ್ದದ ಗೊಂದಲದಲ್ಲಿ ಗುಂಡಿ ತೋಡಿಸಿಕೊಂಡು ಇಳಿಯಲು ಹೋದವರುಂಟು. ಮಣ್ಣು ಮುಚ್ಚಿದರೆ ಉಸಿರು ಹೋಗುತ್ತದೆ. ಯೋಗಸೂತ್ರದಲ್ಲಾಗಲಿ ಬುದ್ಧನ ಸುತ್ತಗಳಲ್ಲಾಗಲಿ ಗುಂಡಿಯ ಮಾತಿಲ್ಲ.

ಎದ್ದ ಮೇಲೆ

ನಿಮಗೆ ಏನಾಯಿತೆಂದು ಸಾರಬೇಡಿ. ಫೇಸ್‌ಬುಕ್ಕಿನಲ್ಲಿ ಬರೆಯಬೇಡಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಬೇಡ. ಭಿಕ್ಷುವನ್ನು ಸಂಘದಿಂದ ಹೊರಹಾಕುವ ಅಪರಾಧಗಳು ವಿನಯ ಎಂಬ ಬೌದ್ಧ ಸಂಘದ ನಿಯಮಗ್ರಂಥದಲ್ಲಿ ನಾಲ್ಕೇ: ಮೈಥುನ, ಕಳವು, ಮನುಷ್ಯಹತ್ಯೆ, ಮತ್ತು ತನಗಿಲ್ಲದ ಧ್ಯಾನಸಿದ್ಧಿ ಇದೆಯೆಂದು ಹೇಳಿಕೊಳ್ಳುವುದು. ಕೊಲೆಯ ಸಾಲಿನಲ್ಲಿ ಇಟ್ಟಿದ್ದಾರೆ. ಬರಗಾಲದ ಒಂದು ಮಳೆಗಾಲದಲ್ಲಿ ವಗ್ಗುಮುದಾ ನದಿಯ ದಂಡೆಯ ಭಿಕ್ಷುಗಳು ಹೊಟ್ಟೆಪಾಡಿಗೆ ಉಪಾಯ ಹೂಡಿದರು. ಇವರಿಗೆ ಮೊದಲ ಧ್ಯಾನ ಸಿದ್ಧಿಸಿದೆ, ಅವರಿಗೆ ನಾಲ್ಕನೆಯದು ಎಂದು ಗೃಹಸ್ಥರ ಮುಂದೆ ಒಬ್ಬರನ್ನೊಬ್ಬರು ಹೊಗಳಿಕೊಂಡರು. ಜನ ತಮ್ಮ ಮಕ್ಕಳ ಬಾಯಿಯದನ್ನು ತೆಗೆದು ಇವರಿಗೆ ಬಡಿಸಿದರು. ಉಳಿದ ಭಿಕ್ಷುಗಳು ಎಲುಬುಗೂಡಾಗಿ ಬಂದಾಗ ಇವರು ಮೈ ತುಂಬಿಕೊಂಡು ಬಂದರು. ಕಳ್ಳರಲ್ಲಿ ಇವನೇ ದೊಡ್ಡ ಕಳ್ಳ ಎಂದ ಬುದ್ಧ. ಸಿದ್ಧಿ ನಿಜವಾಗಿದ್ದರೂ ದೀಕ್ಷೆಯಿಲ್ಲದವರ ಮುಂದೆ ಹೇಳಿಕೊಂಡರೆ ಅದಕ್ಕೂ ಬೇರೆ ಪ್ರಾಯಶ್ಚಿತ್ತವಿದೆ. ಪತಂಜಲಿ ಯೋಗಸೂತ್ರದ ವಿಭೂತಿಪಾದದಲ್ಲಿ ಸಿದ್ಧಿಗಳನ್ನು ಹೇಳುತ್ತ ಹೋಗಿ, ಇವು ಸಮಾಧಿಗೆ ಅಡ್ಡಿ ಎಂದು ನಡುವೆಯೇ ಎಚ್ಚರಿಸುತ್ತಾನೆ. ಹೇಳಿಕೊಳ್ಳಬೇಕಾದ್ದನ್ನು ಕಲಿಸುವವರ ಹತ್ತಿರ ಹೇಳಿ. ತಾನು ಸಮಾಧಿ ಕೊಡಿಸುತ್ತೇನೆ, ಇಷ್ಟು ದಿನಕ್ಕೆ ಇಷ್ಟು ರೂಪಾಯಿ ಎನ್ನುವವರ ಹತ್ತಿರ ಹೋಗಬೇಡಿ.

ಬಂದ ಸ್ಥಿತಿ ನಾಳೆಯೂ ಬರಲೆಂದು ಹಟ ಹಿಡಿಯಬೇಡಿ. ಆಳಾರ ಕಾಲಾಮ ಎಂಬ ಗುರುವಿನ ಬಳಿ ಸಿದ್ಧಾರ್ಥ ಕಲಿತದ್ದು ಆಕಿಂಚನ್ಯಾಯತನ, ಏನೂ ಇಲ್ಲವೆಂಬಲ್ಲಿ ಚಿತ್ತ ನಿಲ್ಲುವ ಸ್ಥಿತಿ. ಧ್ಯಾನದ ಸ್ಥಿತಿಗಳ ಬೌದ್ಧರ ಎಣಿಕೆಯಲ್ಲಿ ಏಳನೆಯದು. ನನ್ನ ಜೊತೆ ಈ ಗುಂಪನ್ನು ನಡೆಸು ಬಾ ಎಂದು ಗುರುವೇ ಕರೆದ. ರಾಮಪುತ್ರ ಉದ್ದಕನ ಬಳಿ ಎಂಟನೆಯದೂ ಸಿಕ್ಕಿತು. ಎರಡು ಕಡೆಯೂ ಇದು ದುಃಖ ಕಳೆಯುವುದಿಲ್ಲವೆಂದು ಕಂಡು ಎದ್ದು ಹೋದ. ಅಷ್ಟು ಎತ್ತರದಲ್ಲಿದ್ದದ್ದನ್ನು ಬಿಟ್ಟು ಎದ್ದವನಿದ್ದಾನೆ. ನಾವು ನಿನ್ನೆ ಸಂಜೆ ಬಂದ ಒಂದು ಹತ್ತು ನಿಮಿಷದ ತಂಪನ್ನು ಹಿಡಿದು ಅಳುತ್ತೇವೆ.

ಮನೆಗೆ ಹೋದ ಮೇಲೆ ನಿಮ್ಮನ್ನೇ ಪರೀಕ್ಷಿಸಿಕೊಳ್ಳಬೇಕು. ರಮಣರು ಒಂದು ಕತೆ ಹೇಳುತ್ತಿದ್ದರು. ಗಂಗೆಯ ದಂಡೆಯ ಯೋಗಿಯೊಬ್ಬ ಬಾಯಾರಿ ಶಿಷ್ಯನಿಗೆ ನೀರು ತಾ ಎಂದ. ನೀರು ಬರುವಷ್ಟರಲ್ಲಿ ಸಮಾಧಿಗೆ ಹೋದ. ನೂರಾರು ವರ್ಷ ಕಳೆದವು. ಶಿಷ್ಯ ಇಲ್ಲ, ಗಂಗೆಯೂ ಹರಿವು ಬದಲಿಸಿದ್ದಳು. ಕಣ್ಣು ಬಿಟ್ಟವನೇ ಕೇಳಿದ್ದು, ನೀರೆಲ್ಲಿ. ಅಷ್ಟು ಕಾಲ ಮನಸ್ಸು ಅಡಗಿತ್ತು, ಅಳಿದಿರಲಿಲ್ಲ. ನಮ್ಮ ಶೃಂಗೇರಿಯ ವಿದ್ಯಾರಣ್ಯರು 14ನೆಯ ಶತಮಾನದಲ್ಲಿ ಬರೆದ ಜೀವನ್ಮುಕ್ತಿ ವಿವೇಕದಲ್ಲಿ ತತ್ತ್ವಜ್ಞಾನ, ಮನೋನಾಶಗಳ ಜೊತೆಗೆ ವಾಸನಾಕ್ಷಯವೂ, ಅಂದರೆ ಹಳೆಯ ಸಂಸ್ಕಾರಗಳು ಸವೆಯುವುದೂ, ಬೇಕೆಂದು ಪಟ್ಟು ಹಿಡಿದದ್ದು ಇದಕ್ಕೇ. ಹಾಗಾಗಿ 10 ದಿನದ ಲೆಕ್ಕವನ್ನು ಧ್ಯಾನದ ಕೋಣೆಯಲ್ಲಿ ಹಾಕಬೇಡಿ. ಹನ್ನೊಂದನೆಯ ದಿನ ಸಾರಿಗೆ ಉಪ್ಪು ಹೆಚ್ಚಾದಾಗ, ಆಟೋದವರು ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದಾಗ, ಅತ್ತೆ ಹಳೆಯ ಮಾತು ತೆಗೆದಾಗ ಹಾಕಿ.

ಹೋದ ಮೇಲೆ ಒಂದು ವಾರ ಹೆಚ್ಚು ಹೊತ್ತು ಕೂರಬೇಡಿ. ಬೆಳಿಗ್ಗೆ ಅರ್ಧ ಗಂಟೆ ಸಾಕು. ದೊಡ್ಡ ತೀರ್ಮಾನ ತೆಗೆದುಕೊಳ್ಳಬೇಡಿ, ಕೆಲಸ ಬಿಡಬೇಡಿ, ಮನೆ ಬಿಡಬೇಡಿ. ನಿದ್ದೆ ಬಾರದಿದ್ದರೆ, ಸುತ್ತಲಿನದೆಲ್ಲ ಸುಳ್ಳೆನಿಸಿ ಹೆದರಿಕೆಯಾದರೆ, ಬದುಕು ಬೇಡವೆನಿಸಿದರೆ ಅದನ್ನು ಸಾಧನೆಯ ಹಂತವೆಂದು ಕರೆದುಕೊಂಡು ಕೂರಬೇಡಿ. ಕೂರುವುದನ್ನು ಅಂದೇ ನಿಲ್ಲಿಸಿ, ಮನೆಯವರಿಗೆ ಹೇಳಿ, ವೈದ್ಯರನ್ನು ನೋಡಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಎನ್ನದೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹೆಸರು ಬರೆಸುವಾಗ ಮನೆಯವರೊಬ್ಬರ ಫೋನ್ ನಂಬರ್ ಕೊಡಬೇಕು. ಎಲ್ಲಿಗೆ ಹೋಗುತ್ತೀರಿ, ಯಾವ ದಿನ ವಾಪಸು ಬರುತ್ತೀರಿ ಎಂದು ಅವರಿಗೆ ನೀವೇ ಹೇಳಿ ಬರಬೇಕು. ಆ ನಂಬರಿಗೆ ನಾವು ಮೊದಲೇ ಫೋನ್ ಮಾಡಿ ಕೇಳುತ್ತೇವೆ. ಅವರಿಗೆ ಗೊತ್ತಿಲ್ಲವೆಂದರೆ ನಿಮಗೆ ಚಾಪೆ ಹಾಸುವುದಿಲ್ಲ.